ಫುಲ್ ಫ್ರೇಮ್ ಕ್ಯಾಮರಾ: ಮೊದಲು ಲೆನ್ಸ್, ಆಮೇಲೆ ಬಾಡಿ

ಮುಂಬಯಿಯ ಕನ್ನಡ ಸಂಘಗಳ ಯಾವುದೇ ಕಾರ್ಯಕ್ರಮಕ್ಕೆ ಹೋದರೂ ವೇದಿಕೆಯ ಅಂಚಿನಲ್ಲಿ ಕ್ಯಾಮರಾ ಹಿಡಿದು ನಿಂತ ಸದಸ್ಯರೊಬ್ಬರು ಕಾಣಸಿಗುತ್ತಾರೆ. ಹೊಟ್ಟೆಪಾಡಿಗೆ ಬ್ಯಾಂಕು, ಹೋಟೆಲು ಅಥವಾ ಕಾರ್ಖಾನೆಯ ದುಡಿಮೆ. ಬಿಡುವಿನ ವೇಳೆಯಲ್ಲಿ ಛಾಯಾಗ್ರಹಣ. ವಾರ್ಷಿಕೋತ್ಸವ, ಸನ್ಮಾನ, ನಾಟಕ, ಮಳೆಗಾಲದಲ್ಲಿ ಊರಿನಿಂದ ಬರುವ ಕಲಾವಿದರ ಯಕ್ಷಗಾನ ಇವೆಲ್ಲದರ ದಾಖಲೆ ಉಳಿಯುವುದು ಬಹುತೇಕ ಇಂಥವರ ಕೈಯಿಂದಲೇ. ಪತ್ರಿಕೆಗೆ ಹೋಗುವ ಚಿತ್ರವೂ ಅವರದೇ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಬೇಕಾಗುವುದೂ ಅವರದೇ. ಕೆಲವು ವರ್ಷ ಸಾಮಾನ್ಯ ಕ್ಯಾಮರಾದಲ್ಲಿ ಕೈ ಪಳಗಿದ ಮೇಲೆ ಇವರಲ್ಲಿ ಅನೇಕರನ್ನು ಕಾಡುವ ಪ್ರಶ್ನೆ ಒಂದೇ: ಇನ್ನು ವೃತ್ತಿಪರರ ಫುಲ್ ಫ್ರೇಮ್ ಕ್ಯಾಮರಾ ಕೊಳ್ಳಬೇಕೇ? ಬಾಡಿ, ಲೆನ್ಸ್ ಎರಡೂ ಸೇರಿದರೆ ಖರ್ಚು ಲಕ್ಷಗಳಲ್ಲಿ ಏರುವುದರಿಂದ ಉಳಿತಾಯದ ಹಣಕ್ಕೆ ಕೈ ಹಾಕುವ ಮುನ್ನ ವಿಚಾರಿಸುವುದು ಒಳಿತು.

ಏನಿದು ಫುಲ್ ಫ್ರೇಮ್?

1925ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಲೈಕಾ ಕ್ಯಾಮರಾ ಸಿನಿಮಾ ಫಿಲ್ಮಿನ ಮೇಲೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಚಿತ್ರ ಮೂಡಿಸುತ್ತಿತ್ತು. ರೀಲು ಹಾಕಿ ಫೋಟೋ ತೆಗೆದ ಹಿರಿಯರಿಗೆ ಈ ಅಳತೆ ಪರಿಚಿತ. ಅದೇ ಅಳತೆಯ ಸೆನ್ಸರ್ ಇರುವ ಡಿಜಿಟಲ್ ಕ್ಯಾಮರಾವೇ ಫುಲ್ ಫ್ರೇಮ್. ಹವ್ಯಾಸಿಗಳ ಕೈಯಲ್ಲಿರುವ ಎಪಿಎಸ್-ಸಿ ಕ್ಯಾಮರಾಗಳ ಸೆನ್ಸರ್ ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ್ದು, ವಿಸ್ತೀರ್ಣದಲ್ಲಿ ಅರ್ಧಕ್ಕಿಂತ ಕಡಿಮೆ. ಕ್ಯಾನನ್ ಸಂಸ್ಥೆಯ ಮೊದಲ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮರಾ 2002ರಲ್ಲಿ ಬಂತು. 2005ರ 5ಡಿ ಮಾದರಿಯಿಂದ ಅದು ಹವ್ಯಾಸಿಗಳ ಕೈಗೂ ಎಟುಕತೊಡಗಿತು. 2013ರಲ್ಲಿ ಸೋನಿ, 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಒಳಗೆ ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್, ಫುಲ್ ಫ್ರೇಮ್ ಹೊರತಂದವು. ಈಗ ಬರುವ ಹೊಸ ಮಾದರಿಗಳು ಹೆಚ್ಚಾಗಿ ಇವೇ.

ವೇದಿಕೆಯ ಬೆಳಕಿನ ಲೆಕ್ಕ

ಸಭಾಗೃಹದಲ್ಲಿ ಛಾಯಾಗ್ರಾಹಕರ ದೊಡ್ಡ ಶತ್ರು ಮಂದ ಬೆಳಕು. ಯಕ್ಷಗಾನದ ಪುಂಡುವೇಷ ಧೀಂಗಿಣ ಹಾಕುವಾಗ ಚಿತ್ರ ಕದಡದೆ ಬರಬೇಕಾದರೆ ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗದಷ್ಟಾದರೂ ಬೇಕು. ಅದಕ್ಕಾಗಿ ಐಎಸ್‌ಒ ಏರಿಸಿದರೆ ಚಿತ್ರದ ತುಂಬ ಮರಳು ಚೆಲ್ಲಿದಂತೆ ಚುಕ್ಕಿಗಳು. ದೊಡ್ಡ ಸೆನ್ಸರ್ ಹೆಚ್ಚು ಬೆಳಕು ಹಿಡಿಯುವುದರಿಂದ ಇಲ್ಲಿ ಫುಲ್ ಫ್ರೇಮಿನ ಲಾಭ ನಿಜವಾದದ್ದೇ. ಒಂದೇ ಕಾಲದ ಎರಡು ಕ್ಯಾಮರಾ ಹೋಲಿಸಿದರೆ ಸುಮಾರು ಎರಡು ಪಟ್ಟು ಅನುಕೂಲ ಸಿಗುತ್ತದೆ.

ಆದರೆ ಲೆನ್ಸಿನ ಲೆಕ್ಕವನ್ನೂ ನೋಡಬೇಕು. ಕ್ಯಾಮರಾದ ಜೊತೆಗೇ ಬರುವ ಸಾಮಾನ್ಯ ಜೂಮ್ ಲೆನ್ಸ್ ಪೂರ್ತಿ ಚಾಚಿದಾಗ ಅದರ ಅಪರ್ಚರ್ ತೆರೆಯುವುದು ಎಫ್ 5.6ರವರೆಗೆ ಮಾತ್ರ. ಎಫ್ 2.8ರ ಲೆನ್ಸ್ ಹಾಕಿದರೆ ನಾಲ್ಕು ಪಟ್ಟು ಬೆಳಕು. ಕಡಿಮೆ ಬೆಲೆಗೆ ಸಿಗುವ 50 ಮಿ.ಮೀ. ಎಫ್ 1.8ರ ಪುಟ್ಟ ಲೆನ್ಸ್ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಚೌಕಿಯ ಬಣ್ಣಗಾರಿಕೆಗೆ, ಸನ್ಮಾನಿತರ ಮುಖಚಿತ್ರಕ್ಕೆ ಅದೇ ಸಾಕು. ಬಾಡಿ ಬದಲಿಸಿದರೆ ಎರಡು ಪಟ್ಟು, ಲೆನ್ಸ್ ಬದಲಿಸಿದರೆ ನಾಲ್ಕು ಪಟ್ಟು. ಹೊಸ ಬಾಡಿ ನಾಲ್ಕಾರು ವರ್ಷಗಳಲ್ಲಿ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ದಶಕಗಳ ಕಾಲ ದುಡಿಯುತ್ತದೆ. ಆದುದರಿಂದ ಹಣ ಮೊದಲು ಲೆನ್ಸಿಗೆ ಹೋಗುವುದೇ ಲೇಸು.

ಕೊಳ್ಳುವ ಮುನ್ನ

ಎಪಿಎಸ್-ಸಿಗಾಗಿಯೇ ಮಾಡಿದ ಲೆನ್ಸುಗಳು ಫುಲ್ ಫ್ರೇಮಿನಲ್ಲಿ ಪೂರ್ತಿ ಕೆಲಸಕ್ಕೆ ಬಾರವು. ಕೆಲವು ಜೋಡಣೆಯೇ ಆಗುವುದಿಲ್ಲ. ಜೋಡಿಸಲು ಬರುವವುಗಳಲ್ಲಿ 24 ಮೆಗಾಪಿಕ್ಸೆಲ್ ಕ್ಯಾಮರಾ ಕೂಡ ಸುಮಾರು 10 ಮೆಗಾಪಿಕ್ಸೆಲ್ ಚಿತ್ರವನ್ನಷ್ಟೇ ಕೊಡುತ್ತದೆ. ಹೀಗಾಗಿ ಇಂದು ಕೊಳ್ಳುವ ಲೆನ್ಸ್ ಮುಂದೆ ಫುಲ್ ಫ್ರೇಮಿಗೂ ಹೊಂದುವಂಥದ್ದಾಗಿರಲಿ. 70-200 ಮಿ.ಮೀ. ಎಫ್ 2.8 ಲೆನ್ಸ್ ವೇದಿಕೆಗೆ ಬಹಳ ಉಪಯುಕ್ತ. ಆದರೆ ಅನೇಕ ಮಾದರಿಗಳು ಒಂದೂವರೆ ಕಿಲೋ ಹತ್ತಿರ ತೂಗುತ್ತವೆ. ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ಅದನ್ನು ಹೊರುವವರು ನೀವೇ ಎಂಬುದು ನೆನಪಿರಲಿ. ಬಾಡಿಗೆಗೆ ಸಿಗುವುದರಿಂದ ಒಂದೆರಡು ಕಾರ್ಯಕ್ರಮಗಳಿಗೆ ತಂದು ನೋಡಿ ನಿರ್ಧರಿಸಬಹುದು.

ಶಿವಡಿಯ ಫ್ಲೆಮಿಂಗೋಗಳನ್ನು ಚಿತ್ರಿಸುವವರಿಗಂತೂ ಸಣ್ಣ ಸೆನ್ಸರೇ ಅನುಕೂಲ, 300 ಮಿ.ಮೀ. ಲೆನ್ಸ್ ಅದರಲ್ಲಿ 450 ಮಿ.ಮೀ.ನಷ್ಟು ಹತ್ತಿರದ ನೋಟ ಕೊಡುತ್ತದೆ. ಸ್ಮರಣ ಸಂಚಿಕೆಯ 12 ಇಂಚು ಅಗಲ, 8 ಇಂಚು ಎತ್ತರದ ಚಿತ್ರಕ್ಕೆ ಇಂಚಿಗೆ 300 ಚುಕ್ಕಿಯಂತೆ 9 ಮೆಗಾಪಿಕ್ಸೆಲ್ ಸಾಕು. ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಕಂಪ್ಯೂಟರಿಗೂ ಹಾರ್ಡ್‌ಡಿಸ್ಕಿಗೂ ಖರ್ಚು ಹೆಚ್ಚು. ಅದಕ್ಕಿಂತ ಏಕಕಾಲಕ್ಕೆ ಎರಡು ಕಾರ್ಡುಗಳಲ್ಲಿ ಚಿತ್ರ ದಾಖಲಿಸುವ ಬಾಡಿ ಆರಿಸುವುದು ಜಾಣತನ. ಒಂದು ಕಾರ್ಡು ಕೈಕೊಟ್ಟರೂ, ಮತ್ತೆಂದೂ ನಡೆಯದ ಸುವರ್ಣ ಮಹೋತ್ಸವ ಇನ್ನೊಂದರಲ್ಲಿ ಉಳಿದಿರುತ್ತದೆ.

ಬೋರಾ ಬಜಾರಿನಲ್ಲಿ ಕೊಳ್ಳುವುದಾದರೆ ಜಿಎಸ್‌ಟಿ ಬಿಲ್ಲು ಮತ್ತು ಭಾರತದ ವಾರಂಟಿ ಕಾರ್ಡ್ ಕೇಳಿ ಪಡೆಯಿರಿ. ಹಳೆಯ ಲೆನ್ಸಾದರೆ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಇದೆಯೇ ಎಂದು ಪರೀಕ್ಷಿಸಿ. ಮುಂಬಯಿಯ ಮಳೆಗಾಲದ ತೇವಕ್ಕೆ ಲೆನ್ಸಿನ ಗಾಜು ಬೂಷ್ಟು ಹಿಡಿಯುವುದು ಸಾಮಾನ್ಯ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಇದನ್ನು ತಡೆಯಬಹುದು. ಚರ್ಮದ ಚೀಲದಲ್ಲಿ ಮುಚ್ಚಿಟ್ಟು ಮರೆಯಬಾರದು.

ಸಂಘಗಳಿಗೊಂದು ಮಾತು

ಸಂಘದ ಕೆಲಸಕ್ಕಾಗಿ ಸದಸ್ಯರೊಬ್ಬರೇ ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ. ಸಂಘವೇ ಒಂದು ಒಳ್ಳೆಯ ಲೆನ್ಸ್ ಕೊಂಡು ತನ್ನ ಹೆಸರಲ್ಲಿ ಇಟ್ಟುಕೊಂಡರೆ ಇಂದಿನವರಿಗೂ ನಾಳೆ ಬರುವ ತರುಣರಿಗೂ ಅದು ಉಪಯೋಗವಾದೀತು. ಅದರ ಜೊತೆಗೆ ಪ್ರತಿ ಕಾರ್ಯಕ್ರಮದ ಚಿತ್ರಗಳ ಒಂದು ಪ್ರತಿ, ತಾರೀಕು ಮತ್ತು ಚಿತ್ರದಲ್ಲಿರುವವರ ಹೆಸರು ಸಹಿತ, ಸಂಘದ ಕಚೇರಿಯಲ್ಲಿ ಇರಲಿ. ಹೆಸರು ಬರೆದಿಡದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಮುಂದಿನ ತಲೆಮಾರಿಗೆ ಅದರಲ್ಲಿರುವವರು ಅಪರಿಚಿತರೇ.