ಸಿಪಾಯಿಯ ಕಾಗದ

‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಮೊದಲುಮಾಡದೆ ಕಾಗದ ಬರೆಯುವುದು ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ. ತರಗತಿಯಲ್ಲಿ ಪತ್ರಲೇಖನದ ಪಾಠ ಹೇಳುವಾಗ ಈ ಒಕ್ಕಣೆಯನ್ನು ಕೇಳಿ ಹುಡುಗರು ನಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳೂ ಹೀಗೆಯೇ ಬರೆಯುತ್ತಿದ್ದರೆಂದರೆ ನಂಬುವಿರಾ? ಲೇಖನಿ ಹಿಡಿದಿದ್ದೇನೆ, ನಾನು ಕ್ಷೇಮ, ಈ ನಾಲ್ಕು ಸಾಲು ಮುಟ್ಟುವಾಗ ನೀವೂ ಕ್ಷೇಮವಾಗಿರಬೇಕು ಎಂಬ ಅರ್ಥದ ಮಾತು ಅವರ ಸಾವಿರಾರು ಕಾಗದಗಳ ತಲೆಯ ಮೇಲಿದೆ. ಒಕ್ಕಣೆ ಮುಗಿದ ಮೇಲೆಯೇ ಮನಸ್ಸು ಬಾಯಿ ಬಿಡುವುದು. ಹೊಲದ ಬಿತ್ತನೆ, ಹಸುವಿನ ಕರು, ಕೈಗೆ ಬಾರದ ಸಂಬಳ, ನಿನ್ನೆ ಪಕ್ಕದಲ್ಲಿ ಮಲಗಿದ್ದು ಇಂದು ಇಲ್ಲದ ಗೆಳೆಯ, ಎಲ್ಲವೂ ಆಮೇಲೆ.

ಈ ಕಾಗದಗಳಲ್ಲಿ ಇಷ್ಟು ಬಿಚ್ಚುಮನಸ್ಸು ಹೇಗೆ ಬಂದಿತೆಂದರೆ, ಮುಂದಿನ ಮಹಾಯುದ್ಧಗಳಲ್ಲಿದ್ದಂತೆ ಸಿಪಾಯಿಯ ಪತ್ರವನ್ನು ಅಧಿಕಾರಿ ಒಡೆದು ಓದಿ ಮಸಿ ಬಳಿಯುವ ಕ್ರಮ ಆಗ ಇರಲಿಲ್ಲ. ಅಂಚೆಯ ಅನುಕೂಲವೂ ಇತ್ತು. ಉತ್ತರದ ಸೈನ್ಯದವರಿಗೆ ಮೂರು ಸೆಂಟಿನ ಸ್ಟಾಂಪು ಸಿಕ್ಕದಿದ್ದರೆ ಲಕೋಟೆಯ ಮೇಲೆ ‘ಸಿಪಾಯಿಯ ಕಾಗದ’ ಎಂದು ಬರೆಯಿಸಿ ಕಳುಹಿಸಬಹುದಾಗಿತ್ತು. ಹಣವನ್ನು ಮನೆಯವರು ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ದಕ್ಷಿಣದಲ್ಲಿ ಕಾಗದಕ್ಕೇ ಬರ. ಬಂದ ಲಕೋಟೆಯ ಒಳಮೈಯನ್ನು ಹೊರಕ್ಕೆ ಮಗುಚಿ ಮತ್ತೆ ಕಳುಹಿಸುವುದು, ಗೋಡೆಗೆ ಅಂಟಿಸುವ ಬಣ್ಣದ ಕಾಗದವನ್ನೇ ಲಕೋಟೆ ಮಾಡುವುದು ಅಲ್ಲಿ ಸಾಮಾನ್ಯವಾಗಿತ್ತು. ಇನ್ನು ಪಟ್ಟಣದ ಮನೆಬಾಗಿಲಿಗೆ ಅಂಚೆಯವನು ಬಂದು ಹೆಚ್ಚಿನ ಹಣವಿಲ್ಲದೆ ಪತ್ರ ಕೊಡುವ ಏರ್ಪಾಡು ಆ ದೇಶದಲ್ಲಿ ಮೊದಲಾದುದೇ ಈ ಯುದ್ಧದ ನಡುವೆ, 1863ರಲ್ಲಿ.

ಇವುಗಳಲ್ಲೆಲ್ಲ ಹೆಸರಾದುದು ಮೇಜರ್ ಸಲಿವನ್ ಬಲೂ ಎಂಬ ವಕೀಲನು 1861ರ ಜುಲೈ 14ರಂದು ಹೆಂಡತಿಗೆ ಬರೆದ ಪತ್ರ. ಒಂದು ವಾರದಲ್ಲಿ ಬುಲ್ ರನ್ ಕಾಳಗದಲ್ಲಿ ಅವನಿಗೆ ಗುಂಡು ತಗುಲಿತು, ಕಾಲು ಹೋಯಿತು, ಜೀವವೂ ಉಳಿಯಲಿಲ್ಲ. 1990ರ ಒಂದು ಟೆಲಿವಿಷನ್ ಸಾಕ್ಷ್ಯಚಿತ್ರದಲ್ಲಿ ಅದನ್ನು ಓದಿದಾಗ ಕೇಳಿದವರು ಕಣ್ಣೀರಿಟ್ಟರು. ಅದು ಸುಂದರವಾದ ಪತ್ರವೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಾಗುಣಿತವೇ ಸರಿಯಿಲ್ಲದ ಇನ್ನೊಂದು ಕಾಗದ. ನಲವತ್ತು ಹುಡುಗರ ಕಾಗುಣಿತ ತಿದ್ದುವ ಕಸುಬಿನವನು ಈ ಮಾತು ಹೇಳಬೇಕಾದರೆ ನೀವೇ ಊಹಿಸಿಕೊಳ್ಳಿ.

ಅದನ್ನು ಬರೆದವನು ಸ್ಪಾಟ್ಸ್‌ವುಡ್ ರೈಸ್. ಮಿಸೂರಿ ಪ್ರಾಂತ್ಯದ ಗ್ಲಾಸ್ಗೋ ಊರಿನ ಬಳಿ ಹೊಗೆಸೊಪ್ಪಿನ ತೋಟದಲ್ಲಿ ಗುಲಾಮನಾಗಿದ್ದವನು; ಒಡೆಯನ ಮಗನಿಂದಲೇ ಓದು ಕಲಿತಿದ್ದನು. 1864ರಲ್ಲಿ ಸೈನ್ಯಕ್ಕೆ ಸೇರಿ ಸ್ವತಂತ್ರನಾದನು. ಆದರೆ ಮಕ್ಕಳು? ಲಿಂಕನ್ನನ 1863ರ ವಿಮೋಚನೆಯ ಘೋಷಣೆ ದಂಗೆಯೆದ್ದ ಪ್ರಾಂತ್ಯಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮಿಸೂರಿ ದಂಗೆಯೇಳದೆ ಒಕ್ಕೂಟದಲ್ಲಿಯೇ ನಿಂತ ಪ್ರಾಂತ್ಯವಾದುದರಿಂದ ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿಯೇ ಉಳಿಯಿತು. ತಂದೆ ಸರಕಾರದ ಸಿಪಾಯಿ, ಮಗಳು ಮೇರಿ ಕಿಟ್ಟಿ ಡಿಗ್ಸ್ ಎಂಬವಳ ಸೊತ್ತು. ಎಂತಹ ವಿಪರೀತ ನೋಡಿ!

ಸೇಂಟ್ ಲೂಯಿಯ ಸೈನಿಕ ಆಸ್ಪತ್ರೆಯಲ್ಲಿ ಕೀಲುನೋವಿನಿಂದ ಮಲಗಿದ್ದ ಅವನು 1864ರ ಸೆಪ್ಟೆಂಬರಿನಲ್ಲಿ ಮಕ್ಕಳಿಗೆ ಬರೆದನು. ನಿಮ್ಮನ್ನು ಮರೆತಿಲ್ಲ, ಪ್ರಾಣ ಹೋದರೂ ಬಿಡಿಸಿಕೊಳ್ಳುತ್ತೇನೆ. 800 ಮಂದಿ ಬಿಳಿಯರು, 800 ಮಂದಿ ಕರಿಯರು ಇರುವ ದಂಡು ನದಿಯ ದಾರಿಯಲ್ಲಿ ಗ್ಲಾಸ್ಗೋಗೆ ಹೊರಡುವ ಹಾಗಿದೆ, ಅದರ ಜೊತೆ ನಾನೂ ಬರುತ್ತೇನೆ ಎಂದು ಧೈರ್ಯ ಹೇಳಿದನು. ಒಡತಿಗೂ ಬೇರೆ ಕಾಗದ ಹೋಯಿತು. ನನ್ನ ಮಗಳನ್ನು ನಾನೇ ಕದಿಯಲು ಬಂದೆನೆನ್ನುತ್ತೀಯಾ? ಅವಳು ದೇವರು ನನಗೆ ಕೊಟ್ಟವಳು. ಹಿಂದೆ ಅವಳಿಗಾಗಿ 40 ಡಾಲರು ಕೊಡಲು ಬಂದೆ, ನೀನು ಒಲ್ಲೆಯೆಂದೆ. ಈಗ ಅದೇ ಒಳ್ಳೆಯದಾಯಿತೆಂದು ತೋರುತ್ತದೆ. ಇದು ಅದರ ತಾತ್ಪರ್ಯ. ನಿನ್ನೆಯವರೆಗೆ ತಲೆಯೆತ್ತಿ ನೋಡಿದರೂ ಚಾಟಿಯೇಟು ತಿನ್ನಬಹುದಾಗಿದ್ದವನು ಬರೆಯುವ ಮಾತೇ ಇದು?

ಈ ಕಾಗದಗಳು ನಮಗೆ ಉಳಿದ ಬಗೆ ಇನ್ನೂ ವಿಚಿತ್ರ. ಗ್ಲಾಸ್ಗೋದ ಪೋಸ್ಟ್‌ಮಾಸ್ಟರನು ಕಿಟ್ಟಿಯ ಸೋದರನೇ! ಅವನು ಕೋಪದಿಂದ ಎರಡನ್ನೂ ಸೇನಾಧಿಪತಿ ರೋಸ್‌ಕ್ರ್ಯಾನ್ಸನಿಗೆ ಕಳುಹಿಸಿ, ಇದನ್ನು ಬರೆದವನು ಈ ಪ್ರಾಂತ್ಯದಲ್ಲಿಯೇ ಇರಕೂಡದು ಎಂದು ದೂರಿದನು. ದೂರು ಸರಕಾರದ ಕಡತ ಸೇರಿತು. ಅದರ ಬೆನ್ನಿಗೆ ಕಾಗದಗಳೂ ಸೇರಿ ಭದ್ರವಾದುವು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇವೆ. ಮನೆಯಲ್ಲಿಯೇ ಉಳಿದಿದ್ದರೆ ಗೆದ್ದಲಿಗೋ ಒಲೆಗೋ ಹೋಗುತ್ತಿದ್ದುವೋ ಏನೋ.

1865ರ ಜನವರಿಯಲ್ಲಿ ಮಿಸೂರಿ ಗುಲಾಮಗಿರಿಯನ್ನು ತೊಡೆದುಹಾಕಿತು. ರೈಸನು ಮುಂದೆ ಕ್ರೈಸ್ತ ಬೋಧಕನಾದನು. 1937ರಲ್ಲಿ, ಹಿಂದೆ ಗುಲಾಮರಾಗಿದ್ದವರ ನೆನಪುಗಳನ್ನು ಬರೆದುಕೊಳ್ಳಲು ಸರಕಾರ ಕಳುಹಿಸಿದ ಲೇಖಕಿಯೊಬ್ಬಳು ಸೇಂಟ್ ಲೂಯಿಯಲ್ಲಿ 85 ವರ್ಷದ ಮುದುಕಿಯೊಬ್ಬಳನ್ನು ಕಂಡಳು. ಅವಳೇ ಆ ಮೇರಿ. ಏಳನೆಯ ವಯಸ್ಸಿಗೆ ಒಡತಿಯು ತನ್ನನ್ನು ಬೇರೆಯವರ ಮಕ್ಕಳನ್ನು ಆಡಿಸಲು ಬಾಡಿಗೆಗೆ ಕೊಟ್ಟಳೆಂದೂ, ತಂದೆ ಬೇರೆ ಒಡೆಯನ ಆಳಾದುದರಿಂದ ಬುಧವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ಮಾತ್ರ ಮನೆಗೆ ಬರಬಹುದಾಗಿತ್ತೆಂದೂ ಅವಳು ಹೇಳಿಕೊಂಡಳು. ತಂದೆ, ತಮ್ಮ, ಗಂಡ, ಮಗ ಎಲ್ಲರೂ ಸಿಪಾಯಿಗಳಾಗಿದ್ದವರೆಂದೂ, ಸಿಪಾಯಿಗಳೆಂದರೆ ತನಗೆ ಪ್ರೀತಿಯೆಂದೂ ಬರೆಯಿಸಿದಳು.