ಮೊಟ್ಟೆಕೋಳಿಗಳಿಗೆ ಕಡಿಮೆ ಖರ್ಚಿನ ಗೂಡುಪೆಟ್ಟಿಗೆ

ಹಿತ್ತಲಿನ ಕೋಳಿ ಸಾಕಾಣಿಕೆಯು ದೇಶದ ಅಸಂಖ್ಯ ಬಡ ಕುಟುಂಬಗಳಿಗೆ, ವಿಶೇಷವಾಗಿ ಗೃಹಿಣಿಯರಿಗೆ, ಪೌಷ್ಟಿಕ ಆಹಾರವನ್ನೂ ಕೈಖರ್ಚಿಗೆ ಹಣವನ್ನೂ ಒದಗಿಸುವ ಉಪಕಸುಬಾಗಿದೆ. ನಾಟಿ ಕೋಳಿಗಳ ಜೊತೆಗೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅಭಿವೃದ್ಧಿಪಡಿಸಿದ ಗಿರಿರಾಜದಂತಹ ಸುಧಾರಿತ ತಳಿಗಳೂ ಹಿತ್ತಲುಗಳನ್ನು ಸೇರಿವೆ. ಆದರೆ ಒಳ್ಳೆಯ ತಳಿ ಹಾಗೂ ಆಹಾರಕ್ಕೆ ಕೊಡುವಷ್ಟು ಗಮನವನ್ನು ಕೋಳಿ ಮೊಟ್ಟೆಯಿಡುವ ಜಾಗಕ್ಕೆ ಕೊಡುವವರು ವಿರಳ. ಹತ್ತು ಹೇಂಟೆಗಳಿಂದ ದಿನಕ್ಕೆ ಆರು ಮೊಟ್ಟೆ ದೊರೆಯುವ ಮನೆಯಲ್ಲಿ ದಿನಕ್ಕೊಂದು ಮೊಟ್ಟೆ ಒಡೆದರೆ ಅಥವಾ ಕಳೆದುಹೋದರೆ, ತಿಂಗಳಿಗೆ 30 ಮೊಟ್ಟೆ, ಅಂದರೆ ಐದು ದಿನಗಳ ಇಳುವರಿಯೇ ನಷ್ಟವಾಗುತ್ತದೆ. ಒಂದು ಸರಳವಾದ ಗೂಡುಪೆಟ್ಟಿಗೆಯಿಂದ ಈ ನಷ್ಟವನ್ನು ಬಹುಮಟ್ಟಿಗೆ ತಡೆಯಬಹುದು.

ಗೂಡು ಏಕೆ ಬೇಕು?

ಹೇಂಟೆಯ ಒಡಲಿನಲ್ಲಿ ಒಂದು ಮೊಟ್ಟೆ ರೂಪುಗೊಳ್ಳಲು ಸುಮಾರು 25 ಗಂಟೆಗಳು ಬೇಕು. ಅದರಲ್ಲಿ ಸುಮಾರು 20 ಗಂಟೆಗಳು ಚಿಪ್ಪು ಕಟ್ಟುವುದಕ್ಕೇ ಸಲ್ಲುತ್ತವೆ. ಮೊಟ್ಟೆಯಿಡುವ ಮುನ್ನ ಮಬ್ಬುಗತ್ತಲಿನ, ಸದ್ದಿಲ್ಲದ, ಮರೆಯಾದ ತಾಣವನ್ನು ಹುಡುಕುವುದು ಕೋಳಿಯ ಹುಟ್ಟುಗುಣ. ಅಂತಹ ತಾಣ ಸಿಗದಿದ್ದಾಗ ಅದು ಬೇಲಿಯ ಬುಡದಲ್ಲಿಯೋ ಸೌದೆಯ ಸಂದಿಯಲ್ಲಿಯೋ ಮೊಟ್ಟೆಯಿಡುತ್ತದೆ. ಅವು ಹಾವು, ಮುಂಗುಸಿ, ನಾಯಿಗಳ ಪಾಲಾಗುತ್ತವೆ. ಒಡೆದ ಮೊಟ್ಟೆಯ ರುಚಿ ಹತ್ತಿದ ಕೋಳಿಯು ಮುಂದೆ ತಾನೇ ಮೊಟ್ಟೆಯನ್ನು ಕುಕ್ಕಿ ತಿನ್ನಲಾರಂಭಿಸುತ್ತದೆ. ಈ ಚಟವನ್ನು ಬಿಡಿಸುವುದು ಕಷ್ಟ.

ಇದಕ್ಕಿಂತ ಮುಖ್ಯವಾದುದು ನೈರ್ಮಲ್ಯದ ಪ್ರಶ್ನೆ. ಹೊರಬರುವಾಗ ಮೊಟ್ಟೆಯು ಕೋಳಿಯ ಮೈಯಷ್ಟೇ, ಎಂದರೆ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಷ್ಟು, ಬೆಚ್ಚಗಿರುತ್ತದೆ. ಅದು ತಣಿದಂತೆ ಒಳಗಿನ ದ್ರವ್ಯ ಕುಗ್ಗಿ, ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಹೊರಗಿನ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಆಗ ಮೊಟ್ಟೆಯು ಒದ್ದೆ ಹಿಕ್ಕೆಯ ಮೇಲಿದ್ದರೆ ರೋಗಾಣುಗಳೂ ಒಳಸೇರುವ ಸಂಭವವಿದೆ. ಅನಂತರ ತೊಳೆಯುವುದರಿಂದ ಅವು ಹೊರಬರುವುದಿಲ್ಲ. ಬದಲಾಗಿ ಚಿಪ್ಪಿನ ಮೇಲಿರುವ ಸಹಜ ರಕ್ಷಾಲೇಪವೇ ಕಳೆದುಹೋಗುತ್ತದೆ. ಆದುದರಿಂದ ಮೊಟ್ಟೆ ಬೀಳುವ ಜಾಗವೇ ಶುಚಿಯಾಗಿ, ಒಣಗಿರುವುದು ಅವಶ್ಯಕ.

ಪೆಟ್ಟಿಗೆಯ ಅಳತೆ ಮತ್ತು ತಯಾರಿಕೆ

ನಾಲ್ಕೈದು ಹೇಂಟೆಗಳಿಗೆ ಒಂದು ಗೂಡು ಸಾಕು. ಎಂಟು-ಹತ್ತು ಕೋಳಿಗಳಿರುವ ಮನೆಯವರು ಹಣ್ಣು ತುಂಬುವ ಹಳೆಯ ಮರದ ಪೆಟ್ಟಿಗೆಗಳ ಹಲಗೆಗಳಿಂದಲೇ ಎರಡು ಗೂಡುಗಳ ಪೆಟ್ಟಿಗೆಯೊಂದನ್ನು ಈ ಕೆಳಗಿನಂತೆ ಮಾಡಿಕೊಳ್ಳಬಹುದು.

1. ತಳಕ್ಕೆ 65 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ಹಲಗೆಯನ್ನು ಆರಿಸಿ, ಗಾಳಿಯಾಡಲು ಅಲ್ಲಲ್ಲಿ ಸಣ್ಣ ರಂಧ್ರಗಳನ್ನು ಕೊರೆಯಬೇಕು.

2. ಎರಡು ಪಕ್ಕಗಳಿಗೂ ನಡುವಿನ ಅಡ್ಡಗೋಡೆಗೂ ಮೂರು ಹಲಗೆಗಳು ಬೇಕು. ಪ್ರತಿಯೊಂದೂ 35 ಸೆಂ.ಮೀ. ಅಗಲವಿದ್ದು, ಮುಂಭಾಗದಲ್ಲಿ 35 ಸೆಂ.ಮೀ., ಹಿಂಭಾಗದಲ್ಲಿ 70 ಸೆಂ.ಮೀ. ಎತ್ತರವಿರಬೇಕು. ಹೀಗೆ ಪ್ರತಿ ಗೂಡಿಗೆ ಸುಮಾರು 30 ಸೆಂ.ಮೀ. ಅಗಲದ ಜಾಗ ದೊರೆಯುತ್ತದೆ.

3. ಹಿಂಬದಿಯನ್ನು ಪೂರ್ತಿಯಾಗಿ ಮುಚ್ಚಿ, ಮುಂಬದಿಯಲ್ಲಿ 12 ಸೆಂ.ಮೀ. ಎತ್ತರದ ಪಟ್ಟಿಯನ್ನು ಮಾತ್ರ ಬಡಿಯಬೇಕು. ಇದು ಹಾಸು ಮತ್ತು ಮೊಟ್ಟೆ ಹೊರಗುರುಳದಂತೆ ತಡೆಯುತ್ತದೆ.

4. ಮೇಲ್ಭಾಗಕ್ಕೆ ಸುಮಾರು 70 ಸೆಂ.ಮೀ. ಉದ್ದ, 55 ಸೆಂ.ಮೀ. ಅಗಲದ ಮುಚ್ಚಳವನ್ನು ಇಳಿಜಾರಾಗಿ ಕೂರಿಸಬೇಕು. ಇಳಿಜಾರು ಕಡಿದಾಗಿರುವುದರಿಂದ ಕೋಳಿಗಳು ಮೇಲೆ ಕುಳಿತು ಹಿಕ್ಕೆ ಹಾಕಲಾರವು.

5. ಕೋಳಿ ಹಾರಿ ಇಳಿಯಲು ಮುಂಬದಿಯಲ್ಲಿ ಒಂದು ಅಡ್ಡಗೋಲನ್ನು ಕಟ್ಟಬೇಕು.

ಪೆಟ್ಟಿಗೆಯನ್ನು ನೆಲದಿಂದ 45ರಿಂದ 60 ಸೆಂ.ಮೀ. ಎತ್ತರದಲ್ಲಿ, ನೇರ ಬೆಳಕು ಬೀಳದ ಮೂಲೆಯಲ್ಲಿ ಇಡಬೇಕು. ಕೋಳಿಗಳು ರಾತ್ರಿ ಕೂರುವ ಕೋಲು ಗೂಡಿಗಿಂತ ಎತ್ತರದಲ್ಲಿರಬೇಕು. ಇಲ್ಲವಾದರೆ ಅವು ಗೂಡಿನಲ್ಲಿಯೇ ಮಲಗಿ ಹೊಲಸು ಮಾಡುತ್ತವೆ. ಮರ ದೊರೆಯದಿದ್ದಲ್ಲಿ ಬಿದಿರಿನ ಬುಟ್ಟಿ, ಅಡ್ಡಲಾಗಿ ಮಲಗಿಸಿ ಅಲುಗದಂತೆ ಕೂರಿಸಿದ ಅಗಲ ಬಾಯಿಯ ಮಣ್ಣಿನ ಗಡಿಗೆ ಅಥವಾ ಪ್ಲಾಸ್ಟಿಕ್ ಕ್ರೇಟ್ ಕೂಡ ಗೂಡಾಗಬಲ್ಲದು. ಹಳೆಯ ಬಣ್ಣ ಬಳಿದ ಹಲಗೆಗಳಲ್ಲಿ ಸೀಸದ ಅಂಶವಿರಬಹುದಾದ್ದರಿಂದ ಅವುಗಳನ್ನು ಬಳಸಬಾರದು.

ಕರಾವಳಿಯಲ್ಲಿ ವಿಶೇಷ ಎಚ್ಚರಿಕೆ

ಚೆನ್ನೈ ನಗರದ ಉತ್ತರ ಅಂಚಿನಲ್ಲಿ, ಕೊಸಸ್ತಲೈಯಾರ್ ನದಿಯು ಸಮುದ್ರ ಸೇರುವಲ್ಲಿರುವ ಎಣ್ಣೂರಿನಂತಹ ಪ್ರದೇಶಗಳಲ್ಲಿ ಇನ್ನೂ ಕೆಲವು ವಿಷಯಗಳನ್ನು ಗಮನಿಸಬೇಕಾಗುತ್ತದೆ. ಉಪ್ಪುಗಾಳಿಗೆ ತಗಡು ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿ ಮರ, ಬಿದಿರು, ಮಣ್ಣಿನ ಗೂಡುಗಳೇ ಲೇಸು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ ಮಳೆಯಲ್ಲಿ ಹಾಸು ಬೇಗ ತೇವಗೊಳ್ಳುತ್ತದೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದೊಡನೆ ತೈಲವೂ ಬೆರೆತು ಎಣ್ಣೂರಿನ ಅಳಿವೆಯನ್ನೂ ಸುತ್ತಲಿನ ವಸತಿಗಳನ್ನೂ ಆವರಿಸಿತ್ತು. ಆದುದರಿಂದ ಪೆಟ್ಟಿಗೆಯನ್ನು ಗೋಡೆಯ ಕೊಕ್ಕೆಗಳಿಗೆ ನೇತುಹಾಕಿ, ನೀರೇರಿದಾಗ ಮೇಲಕ್ಕೆತ್ತಲು ಅನುಕೂಲವಿರುವಂತೆ ಮಾಡುವುದು ಒಳ್ಳೆಯದು. ನೆರೆನೀರು ಅಥವಾ ತೈಲ ಸೋಕಿದ ಮೊಟ್ಟೆಗಳನ್ನು ತಿನ್ನಲೂ ಮಾರಲೂ ಬಾರದು. ಹಾಸನ್ನು ಪೂರ್ತಿ ತೆಗೆದುಹಾಕಬೇಕು.

ಹೇನು, ನುಸಿಗಳ ಬಾಧೆ ತಗ್ಗಿಸಲು ಕೋಳಿಗಳ ಧೂಳುಸ್ನಾನಕ್ಕೆ ಒಲೆಯ ಸೌದೆಬೂದಿಯನ್ನು ಹಾಕುವ ರೂಢಿಯಿದೆ. ಆದರೆ ವಿದ್ಯುತ್ ಕೇಂದ್ರಗಳ ಕಲ್ಲಿದ್ದಲ ಬೂದಿಯು ಇದಕ್ಕೆ ಬದಲಿಯಲ್ಲ. ಎಣ್ಣೂರು ಶಾಖೋತ್ಪನ್ನ ಕೇಂದ್ರವು 2017ರಲ್ಲಿ ಮುಚ್ಚಲ್ಪಟ್ಟಿತಾದರೂ ಆ ಪ್ರದೇಶದಲ್ಲಿ ಕಲ್ಲಿದ್ದಲು ಉರಿಸುವ ಬೇರೆ ಕೇಂದ್ರಗಳಿವೆ. ಇಂತಹ ಬೂದಿಯಲ್ಲಿ ಭಾರಲೋಹಗಳಿದ್ದು, ನೆಲ ಕೆದಕಿ ಮೇಯುವ ಕೋಳಿಯ ಮೂಲಕ ಅವು ಮೊಟ್ಟೆಯನ್ನು ಸೇರಬಲ್ಲವು. ಬೂದಿ ಅಥವಾ ತೈಲ ಬಿದ್ದ ನೆಲಕ್ಕೆ ಕೋಳಿಗಳು ಹೋಗದಂತೆ ಬೇಲಿ ಕಟ್ಟಬೇಕು. ಅಲ್ಲಿ ಶುಚಿಯಾದ ಗೂಡೊಂದರಿಂದಲೇ ಮೊಟ್ಟೆ ನಿರಪಾಯಕಾರಿ ಆಗಲಾರದು.

ಅಭ್ಯಾಸ ಮತ್ತು ನಿರ್ವಹಣೆ

ಕೋಳಿಗಳು ಮೊದಲ ಮೊಟ್ಟೆಯಿಡುವುದಕ್ಕೆ ಎರಡು ವಾರ ಮುಂಚೆಯೇ ಗೂಡುಗಳನ್ನಿಟ್ಟು ಅಭ್ಯಾಸ ಮಾಡಿಸಬೇಕು. ಮೊಟ್ಟೆಯಾಕಾರದ ಬಿಳಿಯ ಕಲ್ಲೊಂದನ್ನು ಒಳಗಿಟ್ಟರೆ ಕೋಳಿಗಳು ಬೇಗ ಆಕರ್ಷಿತವಾಗುತ್ತವೆ. ಒಣಗಿದ ಹುಲ್ಲು, ಭತ್ತದ ಹೊಟ್ಟು ಅಥವಾ ಮರದ ಹೊಟ್ಟನ್ನು 5ರಿಂದ 8 ಸೆಂ.ಮೀ. ದಪ್ಪಕ್ಕೆ ಹಾಸಿ, ವಾರಕ್ಕೊಮ್ಮೆಯೂ ಒದ್ದೆಯಾದ ಕೂಡಲೆಯೂ ಬದಲಿಸಬೇಕು. ಹೆಚ್ಚಿನ ಮೊಟ್ಟೆಗಳು ಬೆಳಗಿನ ಹೊತ್ತಿನಲ್ಲಿಯೇ ಬೀಳುವುದರಿಂದ ಮಧ್ಯಾಹ್ನದೊಳಗೆ ಎರಡು ಬಾರಿ, ಸಂಜೆ ಒಮ್ಮೆ ಸಂಗ್ರಹಿಸುವುದು ಸೂಕ್ತ. ರಕ್ತ ಹೀರುವ ನುಸಿಗಳು ಹಗಲು ಹಲಗೆಗಳ ಸಂದಿಯಲ್ಲಿ ಅಡಗಿರುತ್ತವೆ. ಆದುದರಿಂದ ಆಗಾಗ ಪೆಟ್ಟಿಗೆಯನ್ನು ಇಳಿಸಿ, ಕುದಿನೀರು ಹೊಯ್ದು, ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿಯತಕ್ಕದ್ದು.

ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಕೋಳಿ ಸಾಕಾಣಿಕೆಯ ತರಬೇತಿ ದೊರೆಯುತ್ತದೆ. ಸಮೀಪದ ಪಶುವೈದ್ಯರ ಸಲಹೆಯನ್ನೂ ಪಡೆಯಬಹುದು. ಕೆಲವು ಹಳೆಯ ಹಲಗೆಗಳು, ಒಂದು ಹಿಡಿ ಮೊಳೆ ಹಾಗೂ ಅರ್ಧ ದಿನದ ದುಡಿಮೆಯಿಂದ ಸಿದ್ಧವಾಗುವ ಈ ಪೆಟ್ಟಿಗೆಯು ಮನೆಯ ಮಕ್ಕಳಿಗೆ ಶುಚಿಯಾದ ಮೊಟ್ಟೆಯನ್ನೂ ಗೃಹಿಣಿಗೆ ನಷ್ಟವಿಲ್ಲದ ಆದಾಯವನ್ನೂ ತರಬಲ್ಲದು.