ಹಳೆಯ ಮೋಟಾರಿಗೆ ಹೊಸ ಇಂಜೆಕ್ಟರುಗಳು

ಮನೆಯಲ್ಲಿ ಹದಿನೈದಿಪ್ಪತ್ತು ವರ್ಷ ದುಡಿದ ಮೋಟಾರು ಗಾಡಿಯನ್ನು ಇಟ್ಟುಕೊಳ್ಳಬೇಕೆ, ಮಾರಿಬಿಡಬೇಕೆ ಎಂಬ ಚರ್ಚೆಯು ಈಗ ಅನೇಕ ಗೃಹಸ್ಥರ ಮನೆಗಳಲ್ಲಿ ನಡೆಯುತ್ತಲಿದೆ. ಖಾಸಗಿ ಗಾಡಿಯ ಮೊದಲ ನೋಂದಣಿಯ ಅವಧಿಯು ೧೫ ವರ್ಷ. ಆ ಬಳಿಕ ಗಾಡಿಯು ಯೋಗ್ಯಸ್ಥಿತಿಯಲ್ಲಿದೆಯೆಂದು ಅಧಿಕಾರಿಗಳಿಗೆ ತೋರಿಸಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಇಂತಹ ಗಾಡಿಯು ಒಂದು ದಿನ ಬೆಳಿಗ್ಗೆ ನಡುಗುತ್ತ ಹೊರಡುತ್ತದೆ, ಪೆಟ್ರೋಲನ್ನು ಹೆಚ್ಚಾಗಿ ಕುಡಿಯತೊಡಗುತ್ತದೆ, ಹೊಗೆಯು ಕರ್ರಗಾಗುತ್ತದೆ. ಮೆಕ್ಯಾನಿಕನು ಬಾನೆಟ್ಟನ್ನು ಎತ್ತಿ ನೋಡಿ, "ಇಂಜೆಕ್ಟರ್ ಹೋಗಿವೆ ಸಾರ್, ಎಲ್ಲಾ ಬದಲಾಯಿಸಬೇಕು" ಎನ್ನುತ್ತಾನೆ. ಆ ವಸ್ತುವಿನ ಸ್ವರೂಪವೇ ತಿಳಿಯದ ಯಜಮಾನನಿಗೆ ಹೂಂ ಎನ್ನಲೂ ಭಯ, ಉಹೂಂ ಎನ್ನಲೂ ಭಯ. ಹೀಗೆ ಇಕ್ಕಟ್ಟಿನಲ್ಲಿ ಸಿಕ್ಕಿದವರಿಗೆ ಸ್ವಲ್ಪ ಉಪಯೋಗವಾಗಲೆಂದು ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ನಾವು ಉದ್ಯುಕ್ತರಾಗಿದ್ದೇವೆ.

ಇಂಜೆಕ್ಟರು ಎಂಬುದು ಪೆಟ್ರೋಲನ್ನು ಅಳೆದು ತುಂತುರಾಗಿ ಚಿಮ್ಮಿಸುವ ಒಂದು ಪುಟ್ಟ ಉಪಕರಣ. ನಮ್ಮ ಕಿರುಬೆರಳಿನಷ್ಟು ಉದ್ದವಿರುತ್ತದೆ. ಅದರೊಳಗೆ ತಂತಿಯ ಸುರುಳಿಯೊಂದೂ, ಸ್ಪ್ರಿಂಗಿನ ಬಲದಿಂದ ಬಾಯಿಯನ್ನು ಮುಚ್ಚಿಕೊಂಡಿರುವ ಸೂಜಿಯೊಂದೂ ಇರುವುವು. ಇ.ಸಿ.ಯು. ಎಂದು ಕರೆಯಲ್ಪಡುವ ನಿಯಂತ್ರಕ ಪೆಟ್ಟಿಗೆಯ ಅಪ್ಪಣೆಯಂತೆ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಸೂಜಿಯನ್ನು ಮೇಲಕ್ಕೆಳೆಯುತ್ತದೆ. ಒತ್ತಡದಲ್ಲಿರುವ ಪೆಟ್ರೋಲು ಹೊರಕ್ಕೆ ಚಿಮ್ಮುತ್ತದೆ. ವಿದ್ಯುತ್ತು ನಿಂತೊಡನೆ ಬಾಯಿ ಮುಚ್ಚುತ್ತದೆ. ಗಾಡಿಯು ನಿಂತಲ್ಲೇ ಇಂಜಿನು ಮೆಲ್ಲಗೆ ತಿರುಗುತ್ತಿರುವಾಗ ಆ ಬಾಯಿಯು ತೆರೆದಿರುವ ಕಾಲವು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲು ಮಾತ್ರ. ಎರಡು ಸುತ್ತಿಗೆ ಒಮ್ಮೆ ಚಿಮ್ಮಿಸುವ ಇಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗಿದರೆ ಒಂದೊಂದು ಇಂಜೆಕ್ಟರೂ ಸೆಕೆಂಡಿಗೆ ೨೫ ಬಾರಿ, ಗಂಟೆಗೆ ೯೦,೦೦೦ ಬಾರಿ ತೆರೆದು ಮುಚ್ಚುವುದು. ಹತ್ತಾರು ವರ್ಷ ಹೀಗೆ ದುಡಿದ ಸೂಜಿಯು ಸವೆದರೆ, ಅದರ ಬಾಯಲ್ಲಿ ಮಸಿ ಕಟ್ಟಿದರೆ ಆಶ್ಚರ್ಯವೇನಿದೆ?

ಈ ಉಪಕರಣವು ನಮ್ಮ ಮನೆಗಳ ಗಾಡಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆವು. ಜರ್ಮನಿಯ ಬಾಷ್ ಕಂಪೆನಿಯು ೧೯೨೭ರಲ್ಲಿ ಡೀಸೆಲ್ ಇಂಜಿನುಗಳಿಗಾಗಿ ಇಂಜೆಕ್ಷನ್ ಪಂಪುಗಳನ್ನು ತಯಾರಿಸತೊಡಗಿತು. ವಿದ್ಯುತ್ತಿನಿಂದ ನಿಯಂತ್ರಿತವಾದ ಅದರ ಪೆಟ್ರೋಲ್ ಇಂಜೆಕ್ಷನ್ ಪದ್ಧತಿಯು ೧೯೬೭ರಲ್ಲಿ ಫೋಕ್ಸ್‌ವ್ಯಾಗನ್ ಗಾಡಿಯಲ್ಲಿ ಬಳಕೆಗೆ ಬಂದಿತು. ಬೆಂಗಳೂರಿನವರಿಗೆ ಈ ವಿದ್ಯೆಯು ತೀರ ಅಪರಿಚಿತವೇನೂ ಅಲ್ಲ. ೧೯೫೧ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ನೆಲೆಗೊಂಡ, ಜನರೆಲ್ಲರೂ 'ಮೈಕೋ' ಎಂದೇ ಕರೆಯುತ್ತಿದ್ದ ಕಾರ್ಖಾನೆಯು ಡೀಸೆಲ್ ಇಂಜೆಕ್ಷನ್ ಸಲಕರಣೆಗಳನ್ನು ತಯಾರಿಸಿ ಹೆಸರಾಯಿತು. ೨೦೦೮ರಲ್ಲಿ ಅದಕ್ಕೆ ಬಾಷ್ ಲಿಮಿಟೆಡ್ ಎಂಬ ಹೆಸರಾಯಿತು. ೧೯೮೩ರ ಡಿಸೆಂಬರಿನಲ್ಲಿ ಬೀದಿಗಿಳಿದ ಮಾರುತಿ ೮೦೦ ಗಾಡಿಯು ಮೊದಲು ಕಾರ್ಬ್ಯುರೇಟರಿನಿಂದಲೇ ನಡೆಯುತ್ತಿದ್ದಿತು. ೨೦೦೦ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದುದರಿಂದ ಕಾರ್ಬ್ಯುರೇಟರುಗಳು ತೆರೆಮರೆಗೆ ಸರಿದು, ಎಂ.ಪಿ.ಎಫ್.ಐ. ಎಂಬ ಇಂಜೆಕ್ಷನ್ ಪದ್ಧತಿಯು ಸರ್ವತ್ರ ರೂಢಿಗೆ ಬಂದಿತು. ಮಾರುತಿ ೮೦೦ರ ತಯಾರಿಕೆಯು ೨೦೧೪ರ ಜನವರಿಯಲ್ಲಿ ನಿಂತಿತಾದರೂ ಆ ಗಾಡಿಗಳು ಇನ್ನೂ ನಮ್ಮ ಬೀದಿಗಳಲ್ಲಿ ಓಡಾಡುತ್ತಿವೆ. ಇಂದು 'ಹಳೆಯ ಗಾಡಿ' ಎನ್ನಿಸಿಕೊಳ್ಳುವುವು ಬಹುಮಟ್ಟಿಗೆ ಇಂಥವೇ.

ಕೊಳ್ಳುವುದಕ್ಕೆ ಮುಂಚೆ ಇಂಜೆಕ್ಟರಿನಲ್ಲಿಯೇ ದೋಷವಿದೆಯೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಇಂಜಿನಿನ ನಡುಕ, ಕಾದ ಇಂಜಿನು ಮತ್ತೆ ಹೊರಡಲು ತಡಮಾಡುವುದು, ಪೆಟ್ರೋಲಿನ ವಾಸನೆ, ಮೈಲೇಜು ಕುಗ್ಗುವುದು, ಇವೆಲ್ಲ ಕೆಟ್ಟ ಇಂಜೆಕ್ಟರಿನ ಚಿಹ್ನೆಗಳು ನಿಜ. ಆದರೆ ಸವೆದ ಸ್ಪಾರ್ಕ್ ಪ್ಲಗ್ಗು, ದುರ್ಬಲವಾದ ಇಗ್ನಿಷನ್ ಕಾಯಿಲು, ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರು, ಸೋತ ಪಂಪು, ಬಿರುಕುಬಿಟ್ಟ ರಬ್ಬರು ಕೊಳವೆ, ಕೆಟ್ಟ ಆಕ್ಸಿಜನ್ ಸೆನ್ಸರು, ಇವುಗಳಿಂದಲೂ ಅವೇ ಚಿಹ್ನೆಗಳು ತೋರುವುವು. ಜ್ವರವೊಂದನ್ನೇ ಕಂಡು ರೋಗವು ಇಂಥದೇ ಎಂದು ವೈದ್ಯನು ಹೇಳಲಾರನಷ್ಟೆ. ಆದುದರಿಂದ ಪ್ಲಗ್ಗು, ಫಿಲ್ಟರು, ಪೆಟ್ರೋಲಿನ ಒತ್ತಡ ಇವನ್ನು ಮೊದಲು ನೋಡಿಸಬೇಕು. ಆಮೇಲೆ ಇಂಜೆಕ್ಟರುಗಳನ್ನು ಬಿಚ್ಚಿಸಿ ಪರೀಕ್ಷಾಯಂತ್ರದ ಮೇಲಿಡಿಸಬೇಕು. ಆ ಯಂತ್ರದಲ್ಲಿ ಒಂದೊಂದರ ಕೆಳಗೂ ಒಂದೊಂದು ಗಾಜಿನ ಅಳತೆಗೊಳವೆಯಿದ್ದು, ಯಾವುದು ಎಷ್ಟು ಸುರಿಸಿತು, ತುಂತುರು ಹೇಗೆ ಹರಡಿತು, ಬಾಯಿ ಮುಚ್ಚಿದ ಮೇಲೆಯೂ ಯಾವುದು ತೊಟ್ಟಿಕ್ಕುತ್ತದೆ ಎಂಬುದೆಲ್ಲ ಕಣ್ಣಿಗೇ ಕಾಣುವುದು. ಮಸಿ ಕಟ್ಟಿದ್ದು ಮಾತ್ರವಾದರೆ ಶ್ರವಣಾತೀತ ಧ್ವನಿತರಂಗಗಳಿಂದ ತೊಳೆಯುವ ತೊಟ್ಟಿಯಲ್ಲಿ ಅದನ್ನು ಶುದ್ಧಿಮಾಡಬಹುದು. ಸುರುಳಿ ಸುಟ್ಟಿದ್ದರೆ, ತೊಳೆದ ಮೇಲೆಯೂ ತೊಟ್ಟಿಕ್ಕುತ್ತಿದ್ದರೆ, ಆಗ ಬದಲಾಯಿಸದೆ ಗತ್ಯಂತರವಿಲ್ಲ.

ಅನ್ನದ ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರು. ಈ ನ್ಯಾಯವು ಇಂಜೆಕ್ಟರುಗಳಿಗೆ ಅನ್ವಯಿಸುವುದಿಲ್ಲ. ಒಂದು ಕೆಟ್ಟರೆ ಉಳಿದವೂ ಕೆಟ್ಟಿವೆಯೆಂದಾಗಲಿ, ಒಂದು ಚೆನ್ನಾಗಿದ್ದರೆ ಎಲ್ಲವೂ ಚೆನ್ನಾಗಿವೆಯೆಂದಾಗಲಿ ಊಹಿಸಲಾಗದು. ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರಿಗೆ ಮೂರು ಸಿಲಿಂಡರಿನ ಹಳೆಯ ಗಾಡಿಯೊಂದಿದೆ. ವೃದ್ಧೆಯಾದ ತಾಯಿಯನ್ನು ಅದರಲ್ಲಿಯೇ ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಕರೆದೊಯ್ಯುತ್ತಾರೆ. ಗರಾಜೊಂದರಲ್ಲಿ ಯಾವ ಪರೀಕ್ಷೆಯನ್ನೂ ಮಾಡದೆ ಮೂರನ್ನೂ ಬದಲಾಯಿಸಬೇಕೆಂದು ಹೇಳಿ, ಅಂಕೆಯಿಲ್ಲದ, ಹೆಸರಿಲ್ಲದ ಮೂರು ಇಂಜೆಕ್ಟರುಗಳನ್ನು ಮುಂದಿಟ್ಟರಂತೆ. "ಮೇಷ್ಟ್ರೇ, ನಡುದಾರಿಯಲ್ಲಿ ಗಾಡಿ ನಿಂತರೆ ಅಮ್ಮನನ್ನು ಎತ್ತಿಕೊಂಡು ಹೋಗಲೆ? ಏನಾದರೂ ಹಾಕಿಸಿಬಿಡುತ್ತೇನೆ" ಎಂದು ಅವರು ನಮ್ಮಲ್ಲಿ ಹೇಳಿಕೊಂಡರು. ಒಂದು ದಿನ ತಡೆಯಿರೆಂದು ಹೇಳಿ, ಪರೀಕ್ಷಾಯಂತ್ರವಿದ್ದ ಬೇರೊಂದು ಗರಾಜಿಗೆ ಅವರೊಡನೆ ಹೋದೆವು. ಎರಡು ಇಂಜೆಕ್ಟರುಗಳು ತೊಳೆದ ಮೇಲೆ ಸಮವಾಗಿ ಸುರಿಸಿದುವು; ಮೂರನೆಯದು ಮಾತ್ರ ತೊಟ್ಟಿಕ್ಕುವುದನ್ನು ಬಿಡಲಿಲ್ಲ. ಅದೇ ಅಂಕೆಯ ಹೊಸದೊಂದನ್ನು ತರಿಸಿ, ಹಳೆಯ ಎರಡರ ಪಕ್ಕದಲ್ಲಿಟ್ಟು ಅಳೆದು, ಆಮೇಲೆ ಜೋಡಿಸಿದರು. ಆ ಗಾಡಿಯು ಈಗಲೂ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿಬರುತ್ತಿದೆ.

ಇನ್ನು ಆಯ್ಕೆಯ ವಿಚಾರ. ಬದಲಿ ಇಂಜೆಕ್ಟರಿನಲ್ಲಿ ಐದು ಲಕ್ಷಣಗಳು ಹಳೆಯದರೊಡನೆ ಹೊಂದಬೇಕು: ಪ್ರವಾಹದ ಪ್ರಮಾಣ, ವಿದ್ಯುತ್ತಿನ ನಿರೋಧ, ತುಂತುರಿನ ಆಕಾರ, ಮೈಯ ಅಳತೆ, ತಂತಿಯ ಕೊಂಡಿ. ಇವುಗಳಲ್ಲಿ ಕಡೆಯ ಎರಡು ಮಾತ್ರ ಕಣ್ಣಿಗೆ ಕಾಣತಕ್ಕವು. ಮೊದಲ ಮೂರು ಕಾಣವು. ಜನರು ಮೋಸಹೋಗುವುದು ಇಲ್ಲಿಯೇ. ಕೊಂಡಿ ಕೂಡಿತು, ರಂಧ್ರದಲ್ಲಿ ಸರಿಯಾಗಿ ಕುಳಿತಿತು ಎಂದಮಾತ್ರಕ್ಕೆ ವಸ್ತುವು ಸರಿಯಾದುದೆಂದು ಭಾವಿಸಬಾರದು.

ಪ್ರಮಾಣವೆಂದರೆ ಬಾಯಿಯನ್ನು ಪೂರ್ತಿ ತೆರೆದಿಟ್ಟಾಗ ನಿಮಿಷಕ್ಕೆ ಎಷ್ಟು ಘನ ಸೆಂಟಿಮೀಟರು ಸುರಿಯುತ್ತದೆಯೆಂಬ ಲೆಕ್ಕ. ಇದನ್ನು ಸಾಮಾನ್ಯವಾಗಿ ೩ ಬಾರ್ ಒತ್ತಡದಲ್ಲಿ ಹೇಳುವರು. ಒತ್ತಡವು ಬೇರೆಯಾದರೆ ಪ್ರಮಾಣವೂ ಬೇರೆಯಾಗುವುದು; ಅದು ಒತ್ತಡದ ವರ್ಗಮೂಲವನ್ನು ಅನುಸರಿಸುವುದು. ೩ ಬಾರಿನಲ್ಲಿ ೨೦೦ ಸುರಿಸುವ ಇಂಜೆಕ್ಟರು ೪ ಬಾರಿನಲ್ಲಿ ಸುಮಾರು ೨೩೧ ಸುರಿಸುತ್ತದೆ. ಆದುದರಿಂದ ಎರಡು ವಸ್ತುಗಳನ್ನು ಹೋಲಿಸುವಾಗ ಯಾವ ಒತ್ತಡದಲ್ಲಿ ಅಳೆದ ಅಂಕೆಯೆಂಬುದನ್ನು ಕೇಳದೆ ಬಿಡಬಾರದು. ದೊಡ್ಡ ಇಂಜೆಕ್ಟರು ಹಾಕಿಸಿದರೆ ಗಾಡಿಗೆ ಬಲ ಬರುವುದೆಂದು ಹೇಳುವವರುಂಟು. ಒಂದು ತೂಕ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ೧೪.೭ ತೂಕ ಗಾಳಿ ಬೇಕು. ಇಂಜಿನು ಎಳೆದುಕೊಳ್ಳುವ ಗಾಳಿಯು ಹೆಚ್ಚದೆ ಪೆಟ್ರೋಲು ಮಾತ್ರ ಹೆಚ್ಚಿದರೆ ಬಲವೆಲ್ಲಿಂದ ಬರಬೇಕು? ಹೆಚ್ಚಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ, ಇಂಜಿನ್ ಆಯಿಲಿನಲ್ಲಿ ಬೆರೆತು ಅದನ್ನು ನೀರಾಗಿಸುತ್ತದೆ, ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸುತ್ತದೆ. ಪ್ರಮಾಣವು ಕಡಿಮೆಯಾದರೆ ಏರಿನಲ್ಲಿ, ಭಾರದಲ್ಲಿ ಇಂಜಿನು ಪೆಟ್ರೋಲು ಸಾಲದೆ ಕಾದು ಬಡಿದುಕೊಳ್ಳುತ್ತದೆ. ಎರಡೂ ಹಾನಿಯೇ.

ನಿರೋಧವನ್ನು ಓಮುಗಳಲ್ಲಿ ಅಳೆಯುವರು. ಮಲ್ಟಿಮೀಟರಿದ್ದರೆ ಮನೆಯ ಹುಡುಗನೂ ಅಳೆಯಬಲ್ಲನು. ಹೆಚ್ಚು ನಿರೋಧದ ಇಂಜೆಕ್ಟರುಗಳಲ್ಲಿ ಸುಮಾರು ೧೨ರಿಂದ ೧೬ ಓಮು, ಕಡಿಮೆ ನಿರೋಧದವುಗಳಲ್ಲಿ ಸುಮಾರು ೨-೩ ಓಮು ಇರುವುದು. ಹನ್ನೆರಡು ವೋಲ್ಟಿನ ಗಾಡಿಯಲ್ಲಿ ೧೨ ಓಮಿನ ಸುರುಳಿಯು ೧ ಆಂಪಿಯರನ್ನು ಎಳೆದರೆ ೨ ಓಮಿನದು ೬ ಆಂಪಿಯರನ್ನು ಎಳೆಯುವುದು. ಹೆಚ್ಚು ನಿರೋಧಕ್ಕೆಂದು ರಚಿತವಾದ ಇ.ಸಿ.ಯು.ವಿಗೆ ಕಡಿಮೆ ನಿರೋಧದ ಇಂಜೆಕ್ಟರನ್ನು ಜೋಡಿಸಿದರೆ ಪೆಟ್ಟಿಗೆಯೇ ಸುಟ್ಟುಹೋಗಬಹುದು. ಆಗ ಇಂಜೆಕ್ಟರಿನಲ್ಲಿ ಉಳಿಸಿದ ಹಣವು ಇಲ್ಲಿ ಹಲವು ಮಡಿಯಾಗಿ ಹೋಗುವುದು.

ತುಂತುರಿನ ಆಕಾರವೂ ಉಪೇಕ್ಷಣೀಯವಲ್ಲ. ಸಿಲಿಂಡರಿಗೆ ಒಂದೇ ಒಳಬಾಗಿಲುಳ್ಳ ಇಂಜಿನಿನಲ್ಲಿ ತುಂತುರು ಒಂದೇ ಶಂಕುವಾಗಿ ಹೊರಡುವುದು. ಎರಡು ವಾಲ್ವುಗಳಿದ್ದಲ್ಲಿ ಅನೇಕ ವೇಳೆ ಎರಡು ಶಂಕುಗಳಾಗಿ ಒಡೆದು ಒಂದೊಂದು ವಾಲ್ವಿನ ಬೆನ್ನಿಗೂ ಬೀಳುವಂತೆ ರಚಿಸಿರುವರು. ಇದು ತಪ್ಪಿದರೆ ಪೆಟ್ರೋಲು ಗೋಡೆಗೆ ಬಡಿದು ಹನಿಹನಿಯಾಗಿ ಇಳಿಯುವುದು, ಬೆಳಗಿನ ತಂಪಿನಲ್ಲಿ ಗಾಡಿಯು ಹಠಮಾಡುವುದು. ಎರಡು ಶಂಕುಗಳ ಇಂಜೆಕ್ಟರನ್ನು ಹಳೆಯದು ಕುಳಿತಿದ್ದ ದಿಕ್ಕಿನಲ್ಲಿಯೇ ಕೂರಿಸಬೇಕೆಂಬುದನ್ನೂ ಜ್ಞಾಪಕದಲ್ಲಿಡಬೇಕು.

ಈ ಐದನ್ನೂ ಒಟ್ಟಿಗೆ ಹೊಂದಿಸುವ ಸುಲಭೋಪಾಯವು ಹಳೆಯ ಇಂಜೆಕ್ಟರಿನ ಮೈಮೇಲೆ ಅಚ್ಚಾದ ಅಂಕೆ. ಬಾಷ್ ಪೆಟ್ರೋಲ್ ಇಂಜೆಕ್ಟರುಗಳ ಅಂಕೆಯು ಸಾಮಾನ್ಯವಾಗಿ ೦ ೨೮೦ ಎಂದು ಮೊದಲಾಗುವುದು. ಡೆನ್ಸೊ, ಡೆಲ್ಫಿ ಮೊದಲಾದವರ ಅಂಕೆಗಳು ಬೇರೆ ತೆರನಾಗಿರುವುವು. ಬ್ರಶ್ಶಿನಿಂದ ಮಸಿಯನ್ನೊರಸಿ ಆ ಅಂಕೆಯನ್ನು ಬರೆದುಕೊಂಡು ಅದನ್ನೇ ಅಂಗಡಿಯಲ್ಲಿ ಕೇಳತಕ್ಕದ್ದು. ಗಾಡಿಯ ಹೆಸರನ್ನು ಮಾತ್ರ ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಇಂಜೆಕ್ಟರುಗಳನ್ನು ಹಾಕಿರುವುದುಂಟು. ಆ ಅಂಕೆಯ ತಯಾರಿಕೆಯು ನಿಂತಿದ್ದರೆ, ಅದರ ಬದಲು ತಯಾರಕರೇ ಸೂಚಿಸಿದ ಹೊಸ ಅಂಕೆಯನ್ನು ಕೇಳಬೇಕು. ಗುಜರಿಯಿಂದ ತಂದ ಹಳೆಯ ವಸ್ತುವಾದರೂ ಸರಿಯೆ, ಅಳತೆ ಮಾಡಿಸಿ ಸಮವಾಗಿದ್ದರೆ ನಿಷಿದ್ಧವಲ್ಲ. ಆದರೆ ಅಂಕೆಯಿಲ್ಲದ, ಅಚ್ಚು ಮಸುಕಾದ, ಬಿಲ್ಲು ಕೊಡದ ಅಗ್ಗದ ಸರಕನ್ನು ದೂರವಿಡುವುದೇ ಮೇಲು. ಒಂದು ಇಂಜಿನಿನ ಎಲ್ಲ ಇಂಜೆಕ್ಟರುಗಳೂ ಶೇಕಡಾ ಐದರೊಳಗೆ ಒಂದಕ್ಕೊಂದು ಸಮವಾಗಿರಬೇಕು. ಹೆಚ್ಚೂಕಡಿಮೆಯಾದರೆ ಸಿಲಿಂಡರುಗಳು ಬೇರೆ ಬೇರೆ ವಯಸ್ಸಿನ ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆ ಎಳೆಯುವುವು.

ಇಂಜೆಕ್ಟರಿನೊಡನೆ ರಬ್ಬರು ಉಂಗುರಗಳನ್ನೂ ಹೊಸದಾಗಿ ಹಾಕಿಸಬೇಕು. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇಕಡಾ ೨೦ ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆಯನ್ನು ಕೊಟ್ಟರಷ್ಟೆ. ಅದಕ್ಕಿಂತ ಬಹಳ ಹಿಂದೆ ತಯಾರಾದ ಗಾಡಿಗಳ ರಬ್ಬರು ಆ ಮಿಶ್ರಣವನ್ನು ಉದ್ದೇಶಿಸಿ ಮಾಡಿದುದಲ್ಲ, ಊದಿಕೊಳ್ಳಬಹುದು, ಬಿರಿಯಬಹುದು. ವೈಟಾನ್ ಎಂದು ಅಂಗಡಿಗಳಲ್ಲಿ ಕೇಳಿದರೆ ದೊರೆಯುವ ಉಂಗುರಗಳು ಇದನ್ನು ತಾಳಿಕೊಳ್ಳುವುವು. ನಾಲ್ಕು ಕಾಸಿನ ಉಂಗುರವೆಂದು ಉದಾಸೀನಮಾಡಿದರೆ ಕಾದ ಇಂಜಿನಿನ ಮೇಲೆ ಪೆಟ್ರೋಲು ಸೋರಿ ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟು.

ಡೀಸೆಲ್ ಗಾಡಿಯುಳ್ಳವರಿಗೆ ಎರಡು ಮಾತು. ಕಾಮನ್ ರೈಲ್ ಪದ್ಧತಿಯ ಗಾಡಿಗಳಲ್ಲಿ ಒತ್ತಡವು ಸಾವಿರ ಬಾರನ್ನೂ ಮೀರುವುದು. ಅವುಗಳಲ್ಲಿ ಅನೇಕ ಇಂಜೆಕ್ಟರುಗಳ ತಲೆಯ ಮೇಲೆ ಒಂದು ಸಂಕೇತವಿದ್ದು, ಬದಲಾಯಿಸಿದಾಗ ಅದನ್ನು ಇ.ಸಿ.ಯು.ವಿಗೆ ಬರೆಸಬೇಕಾಗುವುದು. ಈ ಸಲಕರಣೆಯಿಲ್ಲದ ಗರಾಜಿಗೆ ಆ ಕೆಲಸವನ್ನು ಒಪ್ಪಿಸಬಾರದು. ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರನ್ನು ಪ್ರತಿಸಲವೂ ಹೊಸದಾಗಿ ಹಾಕಿಸಬೇಕು. ಡೀಸೆಲ್ ತುಂತುರಿಗೆ ಎಂದಿಗೂ ಬೆರಳನ್ನು ಒಡ್ಡಬಾರದು. ಅದು ಚರ್ಮವನ್ನು ತೂರಿ ಒಳಹೊಕ್ಕು ಘೋರವಾದ ಗಾಯವನ್ನುಂಟುಮಾಡಬಲ್ಲದು.

ಜೋಡಿಸುವಾಗ ಯಜಮಾನನು ಹತ್ತಿರ ನಿಂತು ಕೆಲವನ್ನು ಗಮನಿಸುವುದು ಒಳ್ಳೆಯದು. ಬಿಚ್ಚುವ ಮುಂಚೆ ಪೆಟ್ರೋಲಿನ ಒತ್ತಡವನ್ನು ಇಳಿಸಿದರೆ? ಬ್ಯಾಟರಿಯ ಋಣ ತಂತಿಯನ್ನು ತೆಗೆದರೆ? ಸುತ್ತಮುತ್ತ ಬೀಡಿ ಬೆಂಕಿಗಳಿಲ್ಲವಷ್ಟೆ? ಉಂಗುರಕ್ಕೆ ತೆಳುವಾಗಿ ಎಣ್ಣೆ ಸವರಿ ನೆಟ್ಟಗೆ ಒತ್ತಿದರೆ? ಕೆಲಸವಾದ ಮೇಲೆ ಇಂಜಿನನ್ನು ಹೊರಡಿಸದೆ ಕೀಲಿಯನ್ನು ಮಾತ್ರ ತಿರುಗಿಸಿ, ಪಂಪು ಒತ್ತಡವನ್ನು ತುಂಬಿದಾಗ ಎಲ್ಲಿಯಾದರೂ ಒದ್ದೆಯಾಗುವುದೇ ಎಂದು ನೋಡಿದರೆ? ಈ ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಒಳ್ಳೆಯ ಕೆಲಸಗಾರನು ಕೋಪಿಸಿಕೊಳ್ಳುವುದಿಲ್ಲ. ತನ್ನ ಕೆಲಸವನ್ನು ಬಲ್ಲವರು ನೋಡುತ್ತಿದ್ದಾರೆಂದು ಸಂತೋಷವನ್ನೇ ಪಡುವನು. ಬಿಚ್ಚಿದ ಹಳೆಯ ಇಂಜೆಕ್ಟರುಗಳನ್ನು ಕೇಳಿ ತಂದಿಟ್ಟುಕೊಳ್ಳಿರಿ. ಅವುಗಳ ಮೈಮೇಲಿನ ಅಂಕೆಯು ಮುಂದೊಂದು ದಿನ ಬೇಕಾದೀತು.